ಎಲೆಯ ಹಿಂಬದಿ

ನನ್ನ ಎಡ ಮೊಣಕಾಲಿನ ಪರಿಚಯವನ್ನು ಮೊದಲೇ ಮಾಡಿಕೊಡುವುದು ಒಳ್ಳೆಯದು, ಏಕೆಂದರೆ ಈ ಬರಹಕ್ಕೆಲ್ಲ ಅದೇ ಮೂಲಕಾರಣ. ಧಾರವಾಡದ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಹೇಳುತ್ತ ನಿಂತೇ ಆಯುಷ್ಯ ಸವೆಸಿದ ಕಾಲು ಅದು. ನಿವೃತ್ತಿಯ ಹಾರ ನನ್ನ ಕೊರಳಿಗೆ ಬಿದ್ದ ಮರುದಿನದಿಂದಲೇ ತನಗೂ ನಿವೃತ್ತಿ ಬೇಕೆಂದು ಹಠ ಹಿಡಿಯಿತು. ಅದಕ್ಕೆ ನಮ್ಮ ಮನೆತನದಲ್ಲಿ ಇರುವುದು ಒಂದೇ ಮದ್ದು. ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಹಂಚಿನ ಮೇಲೆ ಬೆಚ್ಚಗೆ ಮಾಡಿ, ಮೊಣಕಾಲಿಗೆ ಹೊದಿಸಿ, ಹಳೆಯ ಧೋತರದ ಅರಿವೆಯಿಂದ ಕಟ್ಟಿಕೊಂಡು ಮಲಗುವುದು. ನನ್ನ ತಾಯಿಯೂ ಕಟ್ಟಿಕೊಂಡಳು, ಅವಳ ತಾಯಿಯೂ ಕಟ್ಟಿಕೊಂಡಳು. ನೋವು ಹೋಗುತ್ತದೆಯೇ ಎಂದು ಕೇಳಬೇಡಿ, ನಿದ್ದೆಯಂತೂ ಬರುತ್ತದೆ. ಎಕ್ಕಕ್ಕೆ ನಮ್ಮೂರಲ್ಲಿ ಬರವೂ ಇಲ್ಲ, ಮರ್ಯಾದೆಯೂ ಇಲ್ಲ. ಅದರ ಹೂವಿನ ಮಾಲೆಯನ್ನು ಶನಿವಾರ ಹನುಮಪ್ಪನಿಗೆ ಏರಿಸುವ ಜನವೇ ಸಿಟ್ಟು ಬಂದಾಗ ‘ನಿನ್ನ ಮನ್ಯಾಗ ಎಕ್ಕಿ ಹುಟ್ಟಲಿ’ ಎಂದು ಶಪಿಸುತ್ತಾರೆ. ಹಾಳುಬಿದ್ದ ಮನೆಯಲ್ಲಿ ಮೊದಲು ತಲೆಯೆತ್ತುವ ಗಿಡ ಅದೇ ನೋಡಿ.

ಕಳೆದ ವರ್ಷ, ಅಂದರೆ 1995ರ ಏಪ್ರಿಲಿನಲ್ಲಿ, ಈ ಮೊಣಕಾಲನ್ನು ಎಳೆದುಕೊಂಡು ಮಗಳು ಸುಮಾಳ ಮನೆಗೆ, ಅಮೆರಿಕದ ಮಾರಿಸ್‌ವಿಲ್ಲಿಗೆ, ಆರು ತಿಂಗಳ ಮಟ್ಟಿಗೆ ಹೋದೆ. ನಮ್ಮ ಯಜಮಾನರು ವಿಮಾನವೆಂದರೆ ಬೆವರುವವರಾದ್ದರಿಂದ ಮನೆ ಕಾಯುತ್ತೇನೆಂದು ಉಳಿದುಕೊಂಡರು. ಸುಮಾ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಎಂಬ ಕೈಗಾರಿಕಾ ಬಡಾವಣೆಯಲ್ಲಿ ಔಷಧ ತಯಾರಿಸುವ ಕಂಪನಿಯಲ್ಲಿದ್ದಳು, ಅಳಿಯ ಅಲ್ಲೇ ಹತ್ತಿರದಲ್ಲಿ ಕಂಪ್ಯೂಟರಿನ ಕೆಲಸದಲ್ಲಿದ್ದರು. ಅವರಿಗೆ ಒಬ್ಬಳೇ ಮಗಳು ಅನಘಾ, ಆಗ ಆರು ವರ್ಷದವಳು. ಹಿಂದೆ ನಾನು ಅವಳನ್ನು ಕಂಡಾಗ ತೊಡೆಯ ಮೇಲಿನ ಕೂಸು. ಈಗ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಚೊಕ್ಕ ಉತ್ತರ ಕೊಡುವ ಪುಟ್ಟ ಗೃಹಸ್ಥೆ. ಬ್ಯಾಂಕಿನ ಗುಮಾಸ್ತೆ ಗಿರಾಕಿಯೊಡನೆ ನಡೆದುಕೊಳ್ಳುವ ಹಾಗೆ ನನ್ನೊಡನೆ ನಡೆದುಕೊಳ್ಳುತ್ತಿದ್ದಳು: ಒಂದು ನಗು, ಒಂದು ಥ್ಯಾಂಕ್ಯೂ, ಮುಗಿಯಿತು. ನಾನು ಕೊಟ್ಟ ಶೇಂಗಾದ ಉಂಡೆಯನ್ನು ಬೇಡವೆಂದು ಎಸೆಯಲಿಲ್ಲ, ಇನ್ನೊಂದು ಕೊಡೆಂದು ಕಾಡಲೂ ಇಲ್ಲ. ಇಂಥ ಸಭ್ಯತೆಗೆ ನಾನು ಏಳು ಸಮುದ್ರ ದಾಟಿ ಬಂದಿರಲಿಲ್ಲ. ಅವಳು ಒಮ್ಮೆಯಾದರೂ ನನ್ನ ಮೇಲೆ ಹಠ ಮಾಡಬೇಕೆಂಬ ಆಸೆ ನನಗೆ. ಮಕ್ಕಳು ಹಠ ಮಾಡುವುದು ತಮ್ಮವರೆಂದು ತಿಳಿದವರ ಮೇಲೆ ಮಾತ್ರವಷ್ಟೇ.

ಮನೆಯೊಳಗಿನ ಏಸಿಯ ತಂಪು ಮೊಣಕಾಲನ್ನು ಹೊಕ್ಕಿತು. ಸುಮಾ ಗುಳಿಗೆಯ ಡಬ್ಬಿ ತಂದಿಟ್ಟಳು. ನನ್ನ ಮನಸ್ಸು ಮಾತ್ರ ಎಕ್ಕದ ಎಲೆಯನ್ನೇ ಹಂಬಲಿಸುತ್ತಿತ್ತು. ಮೇ ತಿಂಗಳ ಒಂದು ಸಂಜೆ ಹಿತ್ತಲಿನ ಬೇಲಿಯ ಗುಂಟ ಅಡ್ಡಾಡುತ್ತಿರುವಾಗ ಕಣ್ಣಿಗೆ ಬಿದ್ದ ಗಿಡಗಳ ಸಾಲು ಕಂಡು ನಿಂತುಬಿಟ್ಟೆ. ಅದೇ ದಪ್ಪ ಅಗಲ ಎಲೆ, ಅದೇ ಮೆತ್ತನೆಯ ಬೂದು ನವಿರು. ತೊಟ್ಟು ಚಿವುಟಿದರೆ ಅದೇ ಬಿಳಿಯ ಹಾಲು. ಪರದೇಶದ ಬಸ್‌ಸ್ಟ್ಯಾಂಡಿನಲ್ಲಿ ಸೋದರತ್ತೆಯ ಮಗಳು ಸಿಕ್ಕಂತಾಯಿತು. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಎಷ್ಟೋ ಮಕ್ಕಳಿಗೆ ವಿಸ್ತರಿಸಿ ಬರೆಯಲು ಕೊಟ್ಟವಳು ನಾನು. ಆ ಸಂಜೆ ಗಾದೆಯನ್ನೇ ಸುಳ್ಳು ಮಾಡುವ ಉಮೇದಿನಲ್ಲಿ ದೊಡ್ಡದೊಂದು ಎಲೆಗೆ ಕೈ ಹಾಕಿದೆ. ಅಷ್ಟರಲ್ಲಿ ಅನಘಾ ಓಡಿಬಂದು ನನ್ನ ಮಣಿಕಟ್ಟು ಹಿಡಿದಳು.

“ನೋ ಅಜ್ಜಿ. ದಟ್ಸ್ ದೇರ್ ಫುಡ್.”

ಯಾರ ಊಟ ಎಂಬುದನ್ನು ಸುಮಾ ಬಂದು ಬಿಡಿಸಿ ಹೇಳಿದಳು. ಅದು ಎಕ್ಕವಲ್ಲ, ಎಕ್ಕದ ಬಳಗದ್ದೇ ಆದ ಮಿಲ್ಕ್‌ವೀಡ್ ಅಂತೆ. ಮಾನಾರ್ಕ್ ಎಂಬ ಕೇಸರಿ ಬಣ್ಣದ ಚಿಟ್ಟೆ ಮೊಟ್ಟೆಯಿಡುವುದು ಈ ಗಿಡದ ಮೇಲೆ ಮಾತ್ರ, ಅದರ ಹುಳು ಬೇರೆ ಯಾವ ಎಲೆಯನ್ನೂ ಮುಟ್ಟುವುದಿಲ್ಲವಂತೆ. ಹೊಲ ಹೋಗಿ ಮನೆಗಳಾಗುತ್ತಿರುವ ಆ ಸೀಮೆಯಲ್ಲಿ ಗಿಡವೂ ಕಡಿಮೆ, ಚಿಟ್ಟೆಯೂ ಕಡಿಮೆ. ಪಕ್ಕದ ಮನೆಯ ಮುದುಕಿ ಮಿಸ್ ಡಾಟಿ ತನ್ನ ಹಿತ್ತಲಿನ ಬೇರು ಕಿತ್ತುಕೊಟ್ಟು, ಹಿಂದಿನ ವರ್ಷ ಅನಘಾಳ ಕೈಯಿಂದಲೇ ನೆಡಿಸಿದ್ದಳು. ಗಿಡ ಬಂತು, ಚಿಟ್ಟೆ ಬರಲಿಲ್ಲ. ಅಂದಿನಿಂದ ಹುಡುಗಿ ಕಾಯುತ್ತಿದ್ದಾಳೆ.

ನನಗೂ ಎಲೆ ಬೇಕು, ಅವಳಿಗೂ ಎಲೆ ಬೇಕು. ಸುಮಾಳ ಮಧ್ಯಸ್ಥಿಕೆಯಲ್ಲಿ ಒಪ್ಪಂದವಾಯಿತು. ದಿನಕ್ಕೊಂದೇ ಎಲೆ, ಅದನ್ನೂ ಅನಘಾಳೇ ಆರಿಸಬೇಕು. ಪ್ರತಿ ಸಂಜೆ ಅವಳು ಎಲೆಗಳನ್ನು ಒಂದೊಂದಾಗಿ ಹಿಂಬದಿಗೆ ತಿರುಗಿಸಿ, ಮೂಗು ತಾಗುವಷ್ಟು ಬಗ್ಗಿ, ಮೊಟ್ಟೆಯಿಲ್ಲವೆಂದು ಖಾತ್ರಿಯಾದ ಮೇಲೆ ಒಂದನ್ನು ಕಿತ್ತು ನನ್ನ ಕೈಗಿಡುತ್ತಿದ್ದಳು. ಒಲೆಯ ಮುಂದೆ ನಿಂತು ಎಲೆ ಬೆಚ್ಚಗಾಗುವುದನ್ನು ನೋಡುತ್ತಿದ್ದಳು; ಬರುಬರುತ್ತ ಅರಿವೆಯ ಗಂಟನ್ನೂ ತಾನೇ ಹಾಕತೊಡಗಿದಳು. “ಅವ್ವಾ, ನಾ ಗುಳಿಗಿ ಮಾಡೋ ಕಂಪನ್ಯಾಗ ಇದ್ದೀನಿ, ನೀ ನೋಡಿದ್ರ ಎಲಿ ಕಟ್ಟಿಕೊಂಡು ಕೂತೀ” ಎಂದು ಸುಮಾ ನಗುತ್ತಿದ್ದಳು. ಎಲಿ, ಎಣ್ಣಿ, ಹಂಚು, ಬಿಸಿ, ಸಾಕು: ಹೀಗೆ ನನ್ನ ಮೊಣಕಾಲಿನ ಸುತ್ತ ಹುಡುಗಿಯ ಬಾಯಿಂದ ಒಂದೊಂದೇ ಕನ್ನಡದ ಮಾತು ಹೊರಬಂತು. ಕಲಿಸುತ್ತೇನೆಂದು ಹೊರಟಿದ್ದರೆ ಖಂಡಿತ ಬರುತ್ತಿರಲಿಲ್ಲ.

ಆದರೆ ಗೆಳೆಯರೇ, ಈ ಒಪ್ಪಂದದೊಳಗೊಂದು ಮುಳ್ಳಿತ್ತು. ಎಲೆ ನನ್ನ ಕೈಗೆ ಬಂತೆಂದರೆ ಅದು ಬರಿದಾಗಿತ್ತೆಂದೇ ಅರ್ಥ. ಜೂನ್ ಕಳೆಯಿತು, ಜುಲೈ ಕಳೆಯಿತು, ಗಿಡಗಳು ನಸುಗೆಂಪು ಗೊಂಚಲು ಹೂ ಬಿಟ್ಟು ಉದುರಿಸಿದವು. ದಿನವೂ ಅವಳು ‘ಇಲ್ಲ’ ಎನ್ನುತ್ತ ಎಲೆ ಚಾಚುತ್ತಿದ್ದಳು, ಅವಳ ನಿರಾಶೆಯನ್ನೇ ನಾನು ಬೆಚ್ಚಗೆ ಮಾಡಿ ಕಟ್ಟಿಕೊಳ್ಳುತ್ತಿದ್ದೆ. ಇವತ್ತು ನನಗೆ ಎಲೆ ಸಿಗದಿರಲಿ ಎಂದು ಹನುಮಪ್ಪನಿಗೆ ಹರಸಿಕೊಳ್ಳತೊಡಗಿದೆ. ಮೊಣಕಾಲಿನ ಹಿತ ಒಂದು ಕಡೆ, ಎದೆಯ ಹಿತ ಇನ್ನೊಂದು ಕಡೆ. ಒಂದೇ ದೇಹದಲ್ಲಿದ್ದೂ ಅವುಗಳ ಪ್ರಾರ್ಥನೆ ಬೇರೆಬೇರೆಯಾಗಿತ್ತು.

ಅದೇ ದಿನಗಳಲ್ಲಿ ಕನ್ನಡ ಕುಟುಂಬಗಳ ಊಟದ ಕೂಟವೊಂದಕ್ಕೆ ಹೋಗಿದ್ದೆವು. ಬೆಂಗಳೂರಿನ ಕಡೆಯ ಯುವಕರೊಬ್ಬರು ಬಿಸಿಬೇಳೆಬಾತಿನ ತಟ್ಟೆ ಹಿಡಿದು ನನಗೆ ವಿವರಿಸಿದರು: ಈ ಚಿಟ್ಟೆಗಳು ಚಳಿಗಾಲಕ್ಕೆ ಮೆಕ್ಸಿಕೋದವರೆಗೆ ಹಾರುತ್ತವಂತೆ, ಮರಳಿ ಬರುವುದು ಹೋದವಲ್ಲ, ಅವುಗಳ ಮಕ್ಕಳು ಮೊಮ್ಮಕ್ಕಳಂತೆ. “ನಮ್ಮ ಹಾಗೇನೇ ಆಂಟಿ, ನಾವೂ ಮೈಗ್ರೇಟ್ ಮಾಡಿದವರು” ಎಂದು ಅವರು ನಿಟ್ಟುಸಿರಿಟ್ಟರು. ಜೀವಮಾನವಿಡೀ ಉಪಮಾಲಂಕಾರ ಪಾಠ ಮಾಡಿದವಳಿಗೆ ಇಂಥ ಹೋಲಿಕೆಗಳೆಂದರೆ ಸ್ವಲ್ಪ ಅಲರ್ಜಿ. ಚಿಟ್ಟೆಗೆ ವೀಸಾ ಇಲ್ಲ, ಅಜ್ಜಿಯೂ ಇಲ್ಲ. ಯಾರೂ ಕಾದು ಕೂರದ ಊರಿನಿಂದ ಅದು ಹೊರಡುತ್ತದೆ. ಕಾಯುವವರಿಲ್ಲದ ಪಯಣವನ್ನು ನಮ್ಮ ಪಯಣಕ್ಕೆ ಹೋಲಿಸುವುದು ಹೇಗೆ ಎಂದು ಕೇಳಬೇಕೆನಿಸಿತು, ಆದರೆ ಬಾತು ಚೆನ್ನಾಗಿತ್ತು, ಇನ್ನಷ್ಟು ಬಡಿಸಿಕೊಂಡೆ.

ಸೆಪ್ಟೆಂಬರಿನ ನಡುವೆ ಒಂದು ಸಂಜೆ ಅನಘಾ ಎಲೆ ತಿರುಗಿಸಲು ಬಗ್ಗಿದವಳು ತಲೆ ಎತ್ತಲೇ ಇಲ್ಲ. ಬಹಳ ಹೊತ್ತಿನ ಮೇಲೆ, ಗುಟ್ಟು ಹೇಳುವ ದನಿಯಲ್ಲಿ ಅಂದಳು.

“ಅಜ್ಜಿ, ಇವತ್ತು ನಿಂಗೆ ಎಲಿ ಇಲ್ಲ.”

ಗಸಗಸೆ ಕಾಳಿನಷ್ಟು ಬಿಳಿಯ ಮೊಟ್ಟೆ. ಕನ್ನಡಕ ಹಾಕಿಕೊಂಡು ನಾನೂ ನೋಡಿದೆ. ಪಕ್ಕದೆಲೆಯಲ್ಲಿ ಇನ್ನೊಂದು, ಅದರಾಚೆ ಮತ್ತೊಂದು. ಹುಳುಗಳು ಹೊರಬಂದವು, ಕಪ್ಪು, ಹಳದಿ, ಬಿಳಿಯ ಪಟ್ಟೆ, ಮುಂದೊಂದು ಜೊತೆ ಹಿಂದೊಂದು ಜೊತೆ ಕಪ್ಪು ಕೋಡು. ಮದುವೆಯ ಮನೆಗೆ ಬಂದ ಬೀಗರಂತೆ ಹಗಲಿರುಳು ಉಂಡು, ಹಿತ್ತಲಿನ ಸಾಲನ್ನೆಲ್ಲ ಬರೀ ದಂಟು ಮಾಡಿದವು. ನನ್ನ ಪಾಲಿಗೆ ಗುಳಿಗೆಯೇ ಗತಿಯಾಯಿತು. ಆ ದಿನಗಳಷ್ಟು ಸಂತೋಷದಿಂದ ನಾನೆಂದೂ ಕುಂಟಿಲ್ಲ. ಅಕ್ಟೋಬರಿನ ಆರಂಭಕ್ಕೆ ಒಂದು ಹುಳು ಬೇಲಿಯ ಅಡ್ಡಪಟ್ಟಿಗೆ ತಲೆಕೆಳಗಾಗಿ ಜೋತುಬಿದ್ದು, ಚಿನ್ನದ ಚುಕ್ಕೆಯಿಟ್ಟ ಹಸಿರು ಗಾಜಿನ ಗುಂಡಿನಂಥ ಗೂಡಾಯಿತು. ಒಡೆಯುವ ಹಿಂದಿನ ದಿನ ಗೂಡು ಕಪ್ಪಾಗುತ್ತದೆಂದು ಮಿಸ್ ಡಾಟಿ ಹೇಳಿದ್ದಳು. ನಾವಿಬ್ಬರೂ ದಿನವೂ ಅದರ ಬಣ್ಣ ನೋಡಿದೆವು. ನನ್ನ ಆರು ತಿಂಗಳು ತುಂಬಿದ ಬೆಳಗ್ಗೆಯೂ ಗೂಡು ಹಸಿರಾಗಿಯೇ ಇತ್ತು.

ವಿಮಾನ ನಿಲ್ದಾಣದಲ್ಲಿ, ಹತ್ತುವ ಬಾಗಿಲಿನ ಬಳಿ, ಅನಘಾ ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ನೆಲಕ್ಕೆ ಕೂತುಬಿಟ್ಟಳು. “ಒಂದ್ ದಿನ ನಿಲ್ಲು ಅಜ್ಜಿ. ಜಸ್ಟ್ ಒಂದ್ ದಿನ” ಎಂದಳು. ಸುಮಾ ಗದರಿಸಿದಳು, ಅಳಿಯ ಚಾಕೊಲೇಟು ತೋರಿಸಿದರು, ಮುಷ್ಟಿ ಸಡಿಲಾಗಲಿಲ್ಲ. ನಾನು ಆರು ತಿಂಗಳು ಹಂಬಲಿಸಿದ ಹಠ ಕೊನೆಗೂ ನನ್ನ ಸೆರಗು ಹಿಡಿದು ಕೂತಿತ್ತು, ನಾನು ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹೊರಟೆ. ಮೋಡಗಳ ಮೇಲೆ ಕೂತು ಅತ್ತೆ.

ನಾನು ಹೊರಟ ಮೂರನೆಯ ದಿನ ಚಿಟ್ಟೆ ಹೊರಬಂದು, ರೆಕ್ಕೆ ಒಣಗಿಸಿಕೊಂಡು, ದಕ್ಷಿಣಕ್ಕೆ ಹಾರಿತೆಂದು ಸುಮಾ ಫೋನಿನಲ್ಲಿ ಹೇಳಿದಳು. ಅನಘಾ ಫೋನಿಗೆ ಬರಲಿಲ್ಲ. ಸಿಟ್ಟಾಗಿದ್ದಾಳೆ ಎಂದಳು ಸುಮಾ.

ಧಾರವಾಡದ ಡಿಸೆಂಬರಿನ ಚಳಿ ಮೊಣಕಾಲನ್ನು ಎಬ್ಬಿಸಿತು. ಎಲೆ ತರಲೇ ಎಂದು ಯಜಮಾನರು ಕೇಳಿದರು. ನಾನೇ ಹೋಗುತ್ತೇನೆಂದು ಕಂಪೌಂಡಿನಾಚೆಯ ಎಕ್ಕದ ಗಿಡಕ್ಕೆ ಹೋದೆ. ಒಂದು ಎಲೆಗೆ ಕೈ ಹಾಕಿದೆ, ಕೈ ತಾನಾಗಿಯೇ ಅದನ್ನು ಹಿಂಬದಿಗೆ ತಿರುಗಿಸಿತು. ಅಲ್ಲೊಂದು ಹುಳು ಮೇಯುತ್ತಿತ್ತು. ಕಪ್ಪು, ಹಳದಿ, ಬಿಳಿಯ ಪಟ್ಟೆ.

ಆ ಗಿಡದ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ. ಹುಟ್ಟಿದಾಗಿನಿಂದ ನೋಡಿದ ಗಿಡ. ಅದರ ಹೂ ದೇವರಿಗೆ, ಎಲೆ ಮೊಣಕಾಲಿಗೆ, ಹೆಸರು ಬೈಗುಳಕ್ಕೆ. ಇಷ್ಟು ಉಪಯೋಗ ಬಲ್ಲ ನಾವು ಮೂರು ತಲೆಮಾರಿನ ಹೆಂಗಸರಲ್ಲಿ ಒಬ್ಬರೂ ಎಲೆಯನ್ನೊಮ್ಮೆ ಮಗುಚಿ ನೋಡಿರಲಿಲ್ಲ. ನಮಗೆ ಬೇಕಾದ ಮಗ್ಗುಲನ್ನಷ್ಟೇ ನೋಡಿ ಪದಾರ್ಥವನ್ನು ಬಲ್ಲೆವೆಂದುಕೊಳ್ಳುತ್ತೇವೆ, ಮನುಷ್ಯರನ್ನೂ. ಹುಡುಗಿಯ ಥ್ಯಾಂಕ್ಯೂವನ್ನು ಆರು ತಿಂಗಳು ಮೇಲ್ಬದಿಯಿಂದ ಓದಿದವಳು ನಾನು. ಅದರ ಹಿಂಬದಿಯಲ್ಲಿ ಗಸಗಸೆಯಷ್ಟು ಏನು ಅಂಟಿಕೊಂಡಿತ್ತೆಂದು ತಿಳಿದದ್ದು ಸೆರಗು ಬಿಡಿಸಿಕೊಳ್ಳುವಾಗ. ಎಲೆ ಕೀಳದೆ ಮನೆಗೆ ಬಂದೆ.

ಆ ಭಾನುವಾರ ಫೋನು ಬಂದಾಗ ಅನಘಾಳನ್ನು ಕರೆಯಲೇಬೇಕೆಂದು ಸುಮಾಳಿಗೆ ಹೇಳಿದೆ. ಅವಳು ಫೋನಿಗೆ ಬಂದೊಡನೆ, ನಮ್ಮ ಎಕ್ಕದ ಮೇಲೂ ಹುಳು ಐತಿ ಎಂದೆ.

“ಎಷ್ಟು ಕೋಡು?”

“ಮೂರು ಜೊತಿ. ನಡುವ ಇನ್ನೊಂದು ಜೊತಿ ಐತಿ.”

“ನಮ್ದಕ್ಕ ಎರಡೇ.” ಅವಳು ಯೋಚಿಸಿದಳು. “ಹಂಗಾದ್ರ ಅದು ಕಸಿನ್, ಅಜ್ಜಿ. ಆ ಎಲಿ ಹರೀಬ್ಯಾಡ. ಮೊಣಕಾಲು ನೋವಾದ್ರ ನನಗ ಹೇಳು.”

ಅಂದಿನಿಂದ ಪ್ರತಿ ಭಾನುವಾರ ಅವಳು ಮೊದಲು ಹುಳುವಿನ ಸಮಾಚಾರ ಕೇಳುತ್ತಾಳೆ, ಆಮೇಲೆ ಮೊಣಕಾಲಿನದು. ಈಗ ಬೇಸಿಗೆ ಬಂದಿದೆ, ಎಲೆಯಿಲ್ಲದೆಯೇ ನೋವು ಇಳಿದಿದೆ, ಮೆಟ್ಟಿಲನ್ನೂ ಸಲೀಸಾಗಿ ಹತ್ತುತ್ತೇನೆ. ಆದರೂ ಅವಳು ಕೇಳಿದಾಗ, ಭಾಳ ನೋವೈತಿ ನನ್ನವ್ವಾ, ಎನ್ನುತ್ತೇನೆ.