ಕಲ್ಲು ಪಾದ್ರಿ ಮತ್ತು ಮುಗಿಯದ ಸೃಷ್ಟಿ

ಮೊನ್ನೆ ನಮ್ಮ ಅಡುಗೆಮನೆಗೆ ಕರಿಕಲ್ಲು ಹಾಸಲು ಬಂದವರು ಚಪ್ಪಡಿಗೆ ನೀರು ಬಿಟ್ಟು ಕೊಯ್ಯುತ್ತಿದ್ದರು. ಒದ್ದೆ ಕಲ್ಲುಪುಡಿಗೆ ಒಂದು ವಾಸನೆಯಿದೆ, ನೀವೂ ಬಲ್ಲಿರಿ. ಅದು ಮೂಗಿಗೆ ಬಡಿದದ್ದೇ ತಡ, ಫಾದರ್ ಲೂಕಾಸ್ ನೆನಪಾದರು.

ಐವತ್ತರ ದಶಕದ ಕೊನೆ. ನಾನು ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ಹೊಸ ವಿಜ್ಞಾನದ ಮೇಷ್ಟರು. ಅಣ್ಣನ ಕೋಟು ತೊಟ್ಟು, ಅದನ್ನು ತುಂಬಲು ಹೆಣಗುತ್ತಿದ್ದವನು. ಫಾದರ್ ಫ್ರಾನ್ಸಿನವರು, ಚಾಮರಾಜನಗರದ ಚರ್ಚಿನಲ್ಲಿದ್ದರು. ಬಿಡುವಾದಾಗ ಬಸ್ಸು ಹತ್ತಿ ನಮ್ಮ ಕಡೆ ಬಂದು ಹೊಲದ ಬದುಗಳಲ್ಲಿ ಕಲ್ಲು ಆರಿಸಿ, ಒಡೆದು, ನೀರಿನಲ್ಲಿ ತೊಳೆದು ನೋಡುತ್ತಿದ್ದರು. ಜನ ಅವರನ್ನು ಕಲ್ಲು ಪಾದ್ರಿ ಎನ್ನುತ್ತಿದ್ದರು.

ಅವರ ಗುರು ಒಬ್ಬ ಜೆಸ್ಯೂಟ್ ಪಾದ್ರಿ, ವಿಜ್ಞಾನಿಯೂ ಹೌದು. ಚೀನಾದಲ್ಲಿ ಆದಿಮಾನವರ ಎಲುಬುಗಳ ನಡುವೆ ಕೆಲಸ ಮಾಡಿದವರು. ಸೃಷ್ಟಿ ಮುಗಿದಿಲ್ಲ, ಇನ್ನೂ ನಡೆಯುತ್ತಿದೆ ಎನ್ನುತ್ತಿದ್ದರು. ಜಡದಿಂದ ಜೀವ, ಜೀವದಿಂದ ಅರಿವು, ಅರಿವಿನಿಂದ ಪ್ರೀತಿ, ಹೀಗೆ ಎಲ್ಲವೂ ಏರುತ್ತ ಕೊನೆಗೆ ದೇವರಲ್ಲಿ ಒಂದಾಗುತ್ತದೆ ಎಂದು ನಂಬಿದವರು. ಅದನ್ನು ಪುಸ್ತಕವಾಗಿ ಅಚ್ಚು ಹಾಕಿಸಕೂಡದೆಂದು ಚರ್ಚಿನ ಮೇಲಿನವರು ತಡೆದರು. ಗುರುಗಳು ತಲೆಬಾಗಿದರು, ಬರೆಯುವುದನ್ನು ಮಾತ್ರ ಬಿಡಲಿಲ್ಲ. ಆ ಪುಸ್ತಕ ಅಚ್ಚಾದದ್ದನ್ನು ನೋಡದೆಯೇ ತೀರಿಕೊಂಡರು. ಇದನ್ನು ಹೇಳುವಾಗ ಫಾದರ್ ದನಿ ತಗ್ಗುತ್ತಿತ್ತು. ಈ ವಿಚಾರವನ್ನು ಜನರೆದುರು ಎತ್ತಬಾರದೆಂದು ಅವರಿಗೂ ತಾಕೀತಾಗಿತ್ತು.

ನಾನು ವಿಕಾಸದ ಪಾಠ ಶುರುಮಾಡಿದ ವಾರವೇ ಭೀಮನಬೀಡಿನ ಮಲ್ಲಪ್ಪನವರು ಶಾಲೆಗೆ ಬಂದರು. ದೊಡ್ಡ ಜಮೀನಿನವರು, ಮಗಳು ಗೌರಿ ನನ್ನ ತರಗತಿಯಲ್ಲಿದ್ದಳು.

"ಏನ್ ಮೇಷ್ಟ್ರೇ, ನಮ್ ತಾತ ಮುತ್ತಾತನ್ನೆಲ್ಲ ಕೋತಿ ಮಾಡ್ಬುಟ್ರಂತೆ? ದೇವ್ರಿಲ್ಲ ಅಂತ ಯೋಳ್ಕೊಡೋದಾದ್ರೆ ನನ್ ಮಗ್ಳು ಮನೇಲೇ ಇರ್ಲಿ ಬುಡಿ."

ಗೌರಿಯ ಓದು ನಿಂತರೆ ಮುಂದಿನದು ಮದುವೆಯೇ. ನಾನು ಏನೇನೋ ವಾದಿಸಿದೆ. ಕೋಟು ಬೆವರಿನಲ್ಲಿ ನೆನೆಯಿತೇ ಹೊರತು ಅವರು ಕರಗಲಿಲ್ಲ. ಒಂದು ಸಲ ಕಲ್ಲು ಪಾದ್ರಿಯವರ ಮಾತು ಕೇಳಿ ಎಂದು ಬೇಡಿಕೊಂಡೆ. ತಾಕೀತಿದ್ದರೂ ಫಾದರ್ ಬಂದರು.

ಶಾಲೆಯ ಅಂಗಳದಲ್ಲಿ, ಊರವರ ಎದುರು, ಮಲ್ಲಪ್ಪನವರು ನೇರವಾಗಿ ಕೇಳಿದರು: "ನಿಮ್ ಲೆಕ್ಕದಲ್ಲಿ ದೇವ್ರು ಅವ್ನೋ ಇಲ್ವೋ?"

ಫಾದರ್ ಮಲ್ಲಪ್ಪನವರ ಎದೆಯ ಮೇಲಿದ್ದ, ಇಷ್ಟಲಿಂಗದ ಬೆಳ್ಳಿಯ ಕರಡಿಗೆಯನ್ನು ನೋಡಿದರು. "ನೀವು ದಿನವೂ ಲಿಂಗಪೂಜೆ ಮಾಡುತ್ತೀರಿ. ಬರೀ ಕಲ್ಲು ಎಂದು ಮಾಡುತ್ತೀರಾ?"

"ಎಲ್ಲಾದ್ರೂ ಉಂಟಾ ಸ್ವಾಮಿ! ಅದ್ರೊಳ್ಗೆ ಶಿವ ಅವ್ನೆ."

"ನನ್ನ ಗುರುಗಳೂ ಕಲ್ಲಿನೊಳಗೆ ದೇವರನ್ನು ಕಂಡರು. ಅವನು ನಮ್ಮನ್ನು ಒಂದೇ ದಿನದಲ್ಲಿ ಮಾಡಿಟ್ಟು ಹೋಗಲಿಲ್ಲ, ಇನ್ನೂ ಮಾಡುತ್ತಿದ್ದಾನೆ ಎಂದರು." ಆಮೇಲೆ ತಾಕೀತನ್ನೂ ಮೀರಿ, ಎಲ್ಲರಿಗೂ ಕೇಳುವಂತೆ ಗುರುವಿನ ಹೆಸರನ್ನೂ ಹೇಳಿಬಿಟ್ಟರು.

ಮಲ್ಲಪ್ಪನವರು ಕರಡಿಗೆಯನ್ನೊಮ್ಮೆ ಮುಟ್ಟಿಕೊಂಡು ಎದ್ದರು. "ಕೋತಿ ಇಚಾರ ನಾನು ಒಪ್ಪಕಿಲ್ಲ ಮೇಷ್ಟ್ರೇ. ಆದ್ರೆ ಪಾಠ ನಿಲ್ಲಿಸ್ಬೇಡಿ. ಮಗ್ಳು ಬತ್ತಾಳೆ."

ಸುದ್ದಿ ತಲುಪಬೇಕಾದಲ್ಲಿಗೆ ತಲುಪಿತು. ಮಳೆಗಾಲಕ್ಕೆ ಮುಂಚೆಯೇ ಫಾದರ್‌ಗೆ ದೂರದೂರಿಗೆ ವರ್ಗವಾಯಿತು. ಚಾಮರಾಜನಗರದ ರೈಲು ನಿಲ್ದಾಣದಲ್ಲಿ, "ಬೇಸರವಾಗಿದೆಯೇ?" ಎಂದು ಕೇಳಿದೆ.

"ಆಗಿದೆ," ಎಂದರು. "ಗೌರಿ ಓದುತ್ತಿದ್ದಾಳಲ್ಲ?"

ಓದಿದಳು, ಪಾಸಾದಳು. ಮುಂದಿನ ವರ್ಷ ಮಲ್ಲಪ್ಪನವರು ಕಿರಿಯ ಮಗಳನ್ನೂ ತಾವೇ ಕರೆತಂದು ಸೇರಿಸಿದರು.

ನಮ್ಮ ಬಡಾವಣೆಯ ನಿವೃತ್ತರ ಸಂಘದವರು ಈ ಭಾನುವಾರ ನನ್ನನ್ನು ಮಾತಾಡಲು ಕರೆದು, ಯಾರ ಮನಸ್ಸಿಗೂ ನೋವಾಗದ ವಿಷಯವಿರಲಿ ಎಂದಿದ್ದರು. ಮಂಡಿನೋವಿಗೆ ಮನೆಮದ್ದು ಎಂದು ಒಪ್ಪಿಕೊಂಡಿದ್ದೆ. ಇಂದು ಫೋನು ಮಾಡಿ, ವಿಕಾಸದ ಬಗ್ಗೆ, ದೇವರ ಬಗ್ಗೆ ಮಾತಾಡುತ್ತೇನೆ ಎಂದೆ.

"ಯಾರಾದ್ರೂ ಎದ್ದು ಹೋದ್ರೆ ಸಾರ್?" ಎಂದರು ಕಾರ್ಯದರ್ಶಿ.

"ಕೂತವರಿಗೆ ಹೇಳ್ತೀನಿ," ಎಂದೆ.