ಮಡಕೆಯ ನೀರು ಬೇಡವೆಂದ ಭಾನುವಾರ

ನನಗೆ ಕಾಮಾಲೆ ವಾಸಿಯಾದಾಗ ಶಿವಾಜಿನಗರದ ಡಾಕ್ಟರು ಹೇಳಿದ್ದು ಒಂದೇ ಮಾತು: "ಕಂಡಕಂಡಲ್ಲಿ ನೀರು ಕುಡೀಬೇಡಿ. ಬಾಟ್ಲಿ ನೀರೇ ಕುಡೀರಿ." ಕುಕ್ ಟೌನಿನ ಹಳೇ ಬಂಗಲೆಯೊಂದರ ಹಿತ್ತಲ ಕೋಣೆಯಲ್ಲಿ ಒಬ್ಬಳೇ ಇದ್ದೆ. ಒಬ್ಬಳಿಗಾಗಿ ನೀರು ಕಾಯಿಸಿ ಆರಿಸುವುದಕ್ಕೆ ಸೋಮಾರಿತನ. ಅದು ತೊಂಬತ್ತರ ದಶಕದ ಕೊನೆ. ಬಾಟಲಿ ಹಿಡಿದು ಆಫೀಸಿಗೆ ಹೋಗುವುದರಲ್ಲಿ ಸ್ವಲ್ಪ ಜಂಬವೂ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಆಫೀಸಿನಲ್ಲಿ ಮಾತ್ರ ಬರೀ ಜ್ವರ ಬಂದಿತ್ತು ಎಂದಿದ್ದೆ. ಕಾಮಾಲೆ ಎಂದರೆ ಅಂಟುತ್ತದೆಂದು ದೂರ ಇಟ್ಟುಬಿಡುತ್ತಾರೇನೋ ಎಂಬ ಭಯ.

ಈ ಊರಿನಲ್ಲಿ ನನ್ನದು ಎಂದು ನುಗ್ಗಲು ಒಂದೇ ಒಂದು ಮನೆಯಿತ್ತು. ಪಕ್ಕದ ಮೇಜಿನಲ್ಲಿ ಟೈಪ್ ಮಾಡುತ್ತಿದ್ದ ಗೆಳತಿಯ ಮನೆ, ಹಲಸೂರಿನ ಒಂದು ಗಲ್ಲಿಯಲ್ಲಿ. ಭಾನುವಾರ ಬೆಳಿಗ್ಗೆ ಹೋದರೆ ಸಂಜೆಯವರೆಗೂ ಅಲ್ಲೇ. ಚಪ್ಪಲಿ ಬಿಡುವಷ್ಟರಲ್ಲಿ ಅವಳ ಅಮ್ಮ ಮಡಕೆಯಿಂದ ಒಂದು ಲೋಟ ನೀರು ತಂದು ಕೈಗೆ ಕೊಡುತ್ತಿದ್ದರು. ಅದನ್ನು ಕುಡಿದ ಮೇಲೆಯೇ ಮಾತುಕತೆ.

ಕಾಯಿಲೆ ಕಳೆದ ಮೇಲೆ ನಾನು ಹೋದ ಮೊದಲ ಭಾನುವಾರವೂ ಅವರು ಲೋಟ ಚಾಚಿದರು. "ಬೇಡಮ್ಮ, ನನ್ ಹತ್ರಾನೇ ಇದೆ" ಎಂದು ಚೀಲದಿಂದ ಬಾಟಲಿ ತೆಗೆದು ಕುಡಿದೆ. ಪಥ್ಯವಿತ್ತು, ಊಟಕ್ಕೂ ನಿಲ್ಲಲಿಲ್ಲ. ಏನೋ ನೆಪ ಹೇಳಿ ಎದ್ದು ಬಂದೆ. ಅಮ್ಮ ಲೋಟ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದರು.

ಮಾರನೆಯ ದಿನ ಗೆಳತಿ ತಲೆಯೆತ್ತದೆ ಟೈಪ್ ಮಾಡುತ್ತಲೇ ಕೇಳಿದಳು: "ಅಮ್ಮ ಕೇಳ್ತಿದ್ರು, ನಮ್ ಜಾತಿ ಯಾವ್ದು ಅಂತ ಅವಳಿಗೆ ಈಗ ಗೊತ್ತಾಯ್ತಾ ಅಂತ."

ಒಂದು ಮನೆಯಲ್ಲಿ ನೀರು ಮುಟ್ಟದಿದ್ದರೆ ನಮ್ಮಲ್ಲಿ ಏನರ್ಥವೆಂದು ನನಗೆ ತಿಳಿಯದ್ದೇನಲ್ಲ. ಕಾಮಾಲೆಯ ವಿಷಯ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನನಗೋ ಮೂಗಿನ ತುದಿಯಲ್ಲೇ ಕೋಪ. "ಇಷ್ಟ್ ವರ್ಷ ನಿಮ್ಮನೇಲಿ ಉಂಡಿದೀನಿ, ನನ್ನ ಹೀಗಾ ತಿಳ್ಕೊಂಡಿರೋದು?" ಎಂದು ರೇಗಿ ಎದ್ದುಹೋದೆ. ಆಮೇಲೆ ನಮ್ಮಿಬ್ಬರ ನಡುವೆ ಉಳಿದದ್ದು ಆಫೀಸಿನ ಕಾಗದಪತ್ರದ ಮಾತು ಮಾತ್ರ.

ಭಾನುವಾರಗಳು ಉದ್ದವಾದವು. ಮಂಚದ ಕೆಳಗೆ ಖಾಲಿ ಬಾಟಲಿಗಳು ತುಂಬಿಕೊಂಡವು. ಹೊರಗೆ ಹಾಕಿದರೆ ಬಂಗಲೆಯ ಮಾಲಿ ಒಣಗಿದ ಎಲೆಯ ಜೊತೆ ಅವನ್ನೂ ಸುಡುತ್ತಿದ್ದ. ಆ ಕಪ್ಪು ಹೊಗೆ ಕಿಟಕಿಯಿಂದ ನನ್ನ ಕೋಣೆಗೇ ಬರುತ್ತಿತ್ತು, ಕೆಮ್ಮುತ್ತಾ ಕೂರುತ್ತಿದ್ದೆ. ಹೊಸ ಬಾಟಲಿಗಳೂ ಅಂಗಡಿಯ ಮುಂದೆ ಬಿಸಿಲಿನಲ್ಲಿ ಕಾದು ಕಾದು, ನೀರು ಪ್ಲಾಸ್ಟಿಕ್ ವಾಸನೆ ಹೊಡೆಯುತ್ತಿತ್ತು. ಡಾಕ್ಟರು ಹೇಳಿದ್ದಾರಲ್ಲ ಎಂದು ಮೂಗು ಮುಚ್ಚಿಕೊಂಡು ಕುಡಿಯುತ್ತಿದ್ದೆ. ಇಡೀ ದಿನ ಒಬ್ಬರ ಜೊತೆಯೂ ಮಾತಾಡದೆ ಮಲಗಿದ ಭಾನುವಾರಗಳಿವೆ.

ಒಂದು ಸಂಜೆ ರಸೆಲ್ ಮಾರುಕಟ್ಟೆಯಿಂದ ಸೊಪ್ಪು ತರುವಾಗ ದಾರಿಯ ಗಲ್ಲಿಯೊಂದರಲ್ಲಿ ಒಬ್ಬಾತ ಬೀದಿ ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಪಕ್ಕದಲ್ಲಿ ಗೋಣಿಚೀಲದ ತುಂಬ ಆಯ್ದು ತಂದ ಬಾಟಲಿಗಳು. ಒಂದೊಂದಕ್ಕೂ ನಲ್ಲಿ ನೀರು ತುಂಬಿ, ಹೊಸ ಮುಚ್ಚಳ ಒತ್ತಿ ಸಾಲಾಗಿ ಇಡುತ್ತಿದ್ದ. ನಾನು ಕುಡಿದದ್ದೂ ಅದೇ ಇರಬಹುದು. ಇಂಥ ನೀರಿಗಾಗಿ ನಾನು ಆ ಮನೆ ಬಿಟ್ಟೆನಲ್ಲ ಎಂದು ನನ್ನ ಮೇಲೆಯೇ ಅಸಹ್ಯವಾಯಿತು.

ಆ ವಾರವೇ ಹಲಸೂರಿಗೆ ಹೋದೆ. ಗೆಳತಿ ಎಲ್ಲೋ ಹೋಗಿದ್ದಳು, ಅಮ್ಮ ಒಬ್ಬರೇ ಇದ್ದರು. ಹೊಸಿಲು ದಾಟುತ್ತಲೇ, "ಅಮ್ಮ, ಕುಡಿಯಕ್ಕೆ ನೀರು ಕೊಡಿ" ಎಂದೆ.

ಅವರು ಮಡಕೆಯ ಕಡೆ ಹೋಗಲಿಲ್ಲ. ಗೋಡೆಯ ಕಪಾಟು ತೆಗೆದು ಒಂದು ಬಾಟಲಿ ತಂದರು. ಅದರ ಮೇಲೆ ಧೂಳು ಕೂತಿತ್ತು. ಸೆರಗಿನಿಂದ ಒರೆಸಿ ನನ್ನ ಮುಂದಿಟ್ಟರು.

"ನಿಂಗೋಸ್ಕರಾನೇ ತರ್ಸಿಟ್ಟಿದ್ದೆ ಕಣಮ್ಮ. ಇವತ್ ಬರ್ತೀಯ, ನಾಳೆ ಬರ್ತೀಯ ಅಂತ. ಅಂಗಡೀದು. ನಾವ್ಯಾರೂ ಮುಟ್ಟಿಲ್ಲ."

ಕಾಮಾಲೆಯ ಕಥೆಯೆಲ್ಲ ಹೇಳಿ ಅತ್ತೆ. ಮಡಕೆಯದೇ ಕೊಡಿ ಎಂದು ಬೇಡಿಕೊಂಡೆ. ಅವರು ತಲೆ ಸವರಿ, "ಇರ್ಲಿ ಬಿಡು, ಇದೇ ಕುಡಿ" ಎಂದರು. ಅವರೆದುರಿಗೇ ಸೀಲು ಒಡೆದು ಕುಡಿದೆ.