ಗಡಿಕಲ್ಲು ಹುಡುಕಿಕೊಂಡು ಎರಡು ದಿನ

ಯುದ್ಧ ಮುಗಿದ ವರ್ಷದ ಮಳೆಗಾಲ. ಬೆಳಗ್ಗೆ ಏಳಕ್ಕೆ ದೊಮ್ಮಲೂರಿನಿಂದ ಹೊರಟೆ. ಹಲಸೂರಿನ ಕಡೆಯಿಂದ ಬರುವ ಚರಂಡಿ ಹೂಳು ತುಂಬಿ, ಕೊಳಕು ನೀರು ನಮ್ಮ ಬಾವಿಗೆ ಇಳಿಯುತ್ತಿತ್ತು. ನನ್ನ ಹೆಂಡತಿ ಮುನಿಯಮ್ಮ ಕುಡಿಯುವ ನೀರಿಗೆ ಒಂದು ಮೈಲಿ ನಡೆಯುತ್ತಿದ್ದಳು. ಹೂಳು ತೆಗೆಯಬೇಕಾದವರು ಯಾರೆಂದು ಕೇಳಲು ಹೊರಟಿದ್ದೆ.

ಹಲಸೂರಿನವರೆಗೆ ನಡೆದೆ. ಅಲ್ಲಿ ಜಟಕಾದವನು ದಂಡಿನ ಕಚೇರಿಗೆ ಆರಾಣೆ ಕೇಳಿದ. ಮಾತಾಡದೆ ನಾಲ್ಕು ಹೆಜ್ಜೆ ಮುಂದೆ ಹೋದೆ, ಮೂರಾಣೆಗೆ ಬಂದ. ನೀವೂ ಹಾಗೇ ಮಾಡಿ. ದಂಡಿನ, ಅಂದರೆ ಬ್ರಿಟಿಷರ ಕಂಟೋನ್ಮೆಂಟಿನ, ಕಚೇರಿಯಲ್ಲಿ ಓವರ್‌ಸಿಯರ್ ದೊರೈಸ್ವಾಮಿ ನಕ್ಷೆ ಹರಡಿ, ಗಡಿಕಲ್ಲಿನಿಂದ ಈಚೆಗಿದ್ದರೆ ತಮ್ಮದು, ಆಚೆಗಿದ್ದರೆ ಮಹಾರಾಜರ ಸೀಮೆಯದು ಎಂದರು. ಕಲ್ಲು ಎಲ್ಲಿದೆಯೆಂದು ಕೇಳಿದರೆ, ಅದು ಮಹಾರಾಜರ ಕಡೆಯ ಕೆ.ಆರ್. ಪುರದವರಿಗೆ ಗೊತ್ತಂತೆ.

ಸ್ಟೇಷನ್ನಿನ ಬಳಿ ಎರಡು ಇಡ್ಲಿ ತಿಂದು, ಮೂರನೇ ದರ್ಜೆಯಲ್ಲಿ ನಿಂತೇ ಕೆ.ಆರ್. ಪುರಕ್ಕೆ ಹೋದೆ. ಅಲ್ಲಿನ ಶಾನುಭೋಗ ವೆಂಕಟರಾಯರು, ಕಲ್ಲಿನ ವಿಷಯ ದಂಡಿನವರಿಗೇ ಗೊತ್ತು ಎಂದರು. ಆದರೂ ಬಿಡಲಿಲ್ಲ. ನಾಳೆ ಓವರ್‌ಸಿಯರು ಬರುತ್ತಾರೆ, ನೀವು ಬರದಿದ್ದರೆ ಅವರು ತೋರಿಸಿದ್ದೇ ಗಡಿ ಎಂದೆ. ಸಂಜೆ ದಂಡಿಗೆ ಮರಳಿ, ಶಾನುಭೋಗರ ಹೆಸರು ಹಾಕಿ ಅದೇ ಮಾತನ್ನು ದೊರೈಸ್ವಾಮಿಗೂ ಹೇಳಿದೆ.

ಮರುದಿನ ಜಿನುಗು ಮಳೆಯಲ್ಲಿ ಇಬ್ಬರೂ ಒಂದೇ ಜಟಕಾ ಹತ್ತಿದರು.

“ನಿಮ್ ಚರಂಡಿ ನಮ್ಮೂರಿಗೆ ನೆಂಟ್ರ ಥರ ಬಂದು ಕೂತಿದೆ ರೀ,” ಎಂದರು ರಾಯರು.

“ನೆಂಟ್ರನ್ನ ನೋಡ್ಕೊಳ್ಳೋದು ಮನೆಯವ್ರ ಕೆಲಸ ಅಲ್ವಾ ಸಾರ್,” ಎಂದರು ದೊರೈಸ್ವಾಮಿ.

ಚರಂಡಿಯುದ್ದಕ್ಕೂ ಎರಡು ಸಲ ನಡೆದೆವು. ಕಲ್ಲು ಸಿಗಲಿಲ್ಲ. ದಣಿದು ನಮ್ಮ ಬಾವಿಯ ಬಳಿ ಬಂದಾಗ ಮುನಿಯಮ್ಮ ಬಟ್ಟೆ ಒಗೆಯುತ್ತಿದ್ದಳು. ಒಗೆದ ಸೀರೆಯನ್ನು ಪಕ್ಕಕ್ಕೆ ಎಳೆದಾಗ ಒಗೆಯುವ ಕಲ್ಲಿನ ಮೇಲೆ ದಂಡಿನ ಗಡಿಯ ಇಂಗ್ಲಿಷ್ ಅಕ್ಷರಗಳು ಕಂಡವು. ಐದು ವರ್ಷದ ಹಿಂದೆ ಯಾರೋ ಗಾಡಿಯವನಿಗೆ ಎರಡು ಕುಂಬಳಕಾಯಿ ಕೊಟ್ಟು ನಾನೇ ತೆಗೆದುಕೊಂಡ ಕಲ್ಲು. ಅಗ್ಗಕ್ಕೆ ಸಿಕ್ಕಿತೆಂದು ಬೀಗಿದ್ದೆ.

“ಇದು ಎಲ್ಲಿತ್ತು ಹೇಳಿ, ಅಲ್ಲೇ ನೆಡ್ತೀವಿ,” ಎಂದರು ರಾಯರು. ದೊರೈಸ್ವಾಮಿಯೂ ತಲೆಯಾಡಿಸಿದರು.

ನಮ್ಮ ಮನೆ ದಂಡಿನ ಕಡೆ ಬಂದರೆ ದಂಡಿನ ಕಂದಾಯ, ಮಹಾರಾಜರ ಕಡೆ ಉಳಿದರೆ ಹೂಳು ಕೇಳುವವರಿಲ್ಲ. ಯಾವುದು ಲಾಭವೆಂದು ತೋಚದೆ ನಿಂತೆ.

“ಗಾಡಿಯವ್ನು ಎಲ್ಲಿಂದ ತಂದ್ನೋ, ಇವ್ರಿಗೇನ್ ಗೊತ್ತು ಸಾಮಿ,” ಎಂದಳು ಮುನಿಯಮ್ಮ. “ಗೊತ್ತಾಗೋ ತನಕ ಇಬ್ರೂ ಸೇರಿ ಹೂಳು ತೆಗೆಸಿ.”

ಕೊನೆಗೆ ಒಂದೇ ಕಾಗದದ ಮೇಲೆ ಇಬ್ಬರ ಸಹಿಯೂ ಬಿತ್ತು: ಒಂದು ವಾರ ದಂಡಿನ ಆಳುಗಳು, ಮರುವಾರ ಕೆ.ಆರ್. ಪುರದವರು.

ಜಟಕಾ ಹಲಸೂರಿನ ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತಾ ನಿಂತೆ. ತಿಂಗಳೊಳಗೆ ಬಾವಿಯ ನೀರು ತಿಳಿಯಾಯಿತು. ನಾನು ಯಾವ ಸೀಮೆಯವನೆಂದು ಮಾತ್ರ ಇನ್ನೂ ತಿಳಿದಿಲ್ಲ. ಗಡಿಯಲ್ಲಿ ಮನೆಯಿದ್ದರೆ ನೀವೂ ಕೇಳಲು ಹೋಗಬೇಡಿ.